ದೂರದರ್ಶನದ ಸಂಜೆ: ದೃಶ್ಯಶ್ರವ್ಯವಿಚಾರ

ಕಾವ್ಯವು ದೃಶ್ಯವೆಂದೂ ಶ್ರವ್ಯವೆಂದೂ ಎರಡು ಬಗೆಯೆಂಬ ಆಲಂಕಾರಿಕರ ವಿಭಾಗವು ಪ್ರಸಿದ್ಧವಾಗಿಯೇ ಇದೆ. ಕಣ್ಣಿಗೆ ಕಾಣುವಂತೆ ಅಭಿನಯಿಸಲ್ಪಡುವುದು ದೃಶ್ಯ. ಕಿವಿಯಿಂದಲೇ ಗ್ರಹಿಸಲ್ಪಡುವುದು ಶ್ರವ್ಯ. ಈ ವಿಭಾಗವನ್ನು ಮಾಡಿದ ಕಾಲದಲ್ಲಿ ನಟನೂ ಪ್ರೇಕ್ಷಕನೂ ಒಂದೇ ಮಂಟಪದಲ್ಲಿ ಇರುತ್ತಿದ್ದರು. ನಟನ ಮುಖವನ್ನು ಬೆಳಗಿದ ದೀಪದ ಬೆಳಕೇ ಪ್ರೇಕ್ಷಕನ ಮುಖದ ಮೇಲೂ ಬೀಳುತ್ತಿದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದ ದೂರದರ್ಶನವೆಂಬ ಯಂತ್ರವು ಈ ಸಹವಾಸವನ್ನು ಮುರಿದು, ನಟನನ್ನು ಒಂದೆಡೆಯಲ್ಲಿಯೂ ಪ್ರೇಕ್ಷಕನನ್ನು ಬೇರೊಂದೆಡೆಯಲ್ಲಿಯೂ ನಿಲ್ಲಿಸಿತು. ಇಷ್ಟೇ ಆಗಿದ್ದರೆ ವಿಚಾರವು ಸುಲಭವಾಗಿತ್ತು. ಕನ್ನಡನಾಡಿನಲ್ಲಿ ಈ ಯಂತ್ರವು ಮೊದಲು ಕಾಲಿಟ್ಟಾಗ ಚಿತ್ರವನ್ನೂ ಮಾತನ್ನೂ ಸಹ ಬೇರ್ಪಡಿಸಿಕೊಂಡು ಬಂದಿತೆಂಬುದು ವಿಶೇಷ. ಹೀಗಿರಲು ಅದನ್ನು ದೃಶ್ಯವೆನ್ನಬೇಕೋ ಶ್ರವ್ಯವೆನ್ನಬೇಕೋ, ಅದರಲ್ಲಿ ಕನ್ನಡಕ್ಕೆ ಸಂದ ಸ್ಥಾನವು ಯಾವುದು ಎಂಬುದು ಸಾಹಿತ್ಯವನ್ನು ವ್ಯಾಸಂಗಮಾಡುವವರಿಗೆ ವಿಚಾರಣೀಯವಾದ ಸಂಗತಿ.

ಮೊದಲು ಈ ಯಂತ್ರದ ಜನ್ಮಭೂಮಿಯನ್ನು ನೋಡುವುದು ಯುಕ್ತ. ಸ್ಕಾಟ್ಲೆಂಡಿನವನಾದ ಜಾನ್ ಲೋಗಿ ಬೇರ್ಡ್ ಎಂಬಾತನು 1926ನೆಯ ಇಸವಿಯ ಜನವರಿ 26ರಂದು ಲಂಡನ್ನಿನ ಫ್ರಿತ್ ಬೀದಿಯ ಒಂದು ಮನೆಯಲ್ಲಿ ವಿದ್ವಾಂಸರ ಎದುರಿಗೆ ಚಲಿಸುವ ಮುಖದ ಚಿತ್ರವನ್ನು ಕಳುಹಿಸಿ ತೋರಿಸಿದನು. ಅವನ ಚಿತ್ರವು ಕೇವಲ 30 ಗೆರೆಗಳಿಂದ ಕೂಡಿದುದು. ಅಷ್ಟು ಗೆರೆಗಳಲ್ಲಿ ಒಬ್ಬನ ತಲೆ ಭುಜಗಳು ಮಾತ್ರ ಗುರುತು ಸಿಕ್ಕುವಂತೆ ಕಾಣುತ್ತಿದ್ದುವು. ಇಂತಹ ಸಾಧನದಿಂದಲೇ 1930ರ ಜುಲೈ 14ರಂದು ಇಟಲಿಯ ನಾಟಕಕಾರ ಪಿರಾಂಡೆಲ್ಲೊ ಬರೆದ ‘ಬಾಯಲ್ಲಿ ಹೂವಿಟ್ಟುಕೊಂಡ ಮನುಷ್ಯ’ ಎಂಬ ಪುಟ್ಟ ನಾಟಕವನ್ನು ಪ್ರಸಾರಮಾಡಿದರು. ಬ್ರಿಟನ್ನಿನಲ್ಲಿ ದೂರದರ್ಶನಕ್ಕೆ ಅಳವಟ್ಟ ಮೊದಲ ನಾಟಕವೆಂದು ಅದಕ್ಕೆ ಪ್ರಸಿದ್ಧಿ. ಪಾತ್ರಗಳು ಎರಡು ಮೂರು. ಸಂಗತಿಯು ಸಾವಿನ ನೆರಳಿನಲ್ಲಿರುವ ಒಬ್ಬನ ಮಾತು. ಒಬ್ಬನ ಮುಖವಾದ ಮೇಲೆ ಇನ್ನೊಬ್ಬನ ಮುಖ ಎಂಬ ಕ್ರಮದಿಂದಲೇ ಅದು ನಡೆಯಬೇಕಾಗಿತ್ತು. ಮುಖವೊಂದೇ ಕಾಣುವ ಯಂತ್ರಕ್ಕೆ ಮಾತೇ ಪ್ರಧಾನವಾದ ನಾಟಕವನ್ನು ಆರಿಸಿದುದು ಆ ನಿರ್ಮಾಪಕರ ಔಚಿತ್ಯಜ್ಞಾನಕ್ಕೆ ಸಾಕ್ಷಿ.

ಅನಂತರ 1936ರ ನವೆಂಬರ್ 2ರಂದು ಲಂಡನ್ನಿನ ಅಲೆಗ್ಸಾಂಡ್ರಾ ಅರಮನೆಯಿಂದ ಬಿ.ಬಿ.ಸಿ. ಸಂಸ್ಥೆಯು ನಿಯತವಾದ ಪ್ರಸಾರವನ್ನು ಆರಂಭಿಸಿತು. ಬೇರ್ಡನ 240 ಗೆರೆಗಳ ಪದ್ಧತಿಯನ್ನೂ ಮಾರ್ಕೋನಿ–ಇ.ಎಂ.ಐ. ಕಂಪೆನಿಯ 405 ಗೆರೆಗಳ ಪದ್ಧತಿಯನ್ನೂ ವಾರಕ್ಕೊಂದರಂತೆ ಪರೀಕ್ಷಿಸಿ, 1937ರ ಫೆಬ್ರವರಿಯಲ್ಲಿ ಮೊದಲಿನದನ್ನು ಕೈಬಿಟ್ಟರು. ಆರಂಭದ ದಿನದ ಸಂಜೆಯಲ್ಲಿ ನಡೆದುದು ಸುಮಾರು ಒಂದು ಗಂಟೆಯ ಕಾಲ. ದೂರದರ್ಶನವು ಲಂಡನ್ನಿಗೆ ಬಂದ ಕಥೆಯನ್ನು ಹೇಳುವ ಒಂದು ಚಲಚ್ಚಿತ್ರ, ‘ಚಿತ್ರಪುಟ’ ಎಂಬ ಅತಿಥಿಗಳ ಕಾರ್ಯಕ್ರಮ, ಕೊನೆಯಲ್ಲಿ ವಾರ್ತಾಚಿತ್ರ, ಇಷ್ಟೇ. ಇವುಗಳಲ್ಲಿ ‘ಚಿತ್ರಪುಟ’ವು ವಿಮರ್ಶಕನ ಗಮನಕ್ಕೆ ಪಾತ್ರವಾಗತಕ್ಕುದು. ಸೆಸಿಲ್ ಮ್ಯಾಡನ್ ಎಂಬವರು ಕಲ್ಪಿಸಿದ ಈ ಕಾರ್ಯಕ್ರಮದಲ್ಲಿ ಜೋನ್ ಮಿಲ್ಲರ್ ಎಂಬ ನಟಿಯು ಟೆಲಿಫೋನಿನ ವಿನಿಮಯಫಲಕದ ಮುಂದೆ ಕುಳಿತು, ನೋಡುವವರಿಗೆ ಒಬ್ಬೊಬ್ಬ ಅತಿಥಿಯನ್ನು ಸಂಪರ್ಕಮಾಡಿಕೊಡುವಂತೆ ಅಭಿನಯಿಸುತ್ತಿದ್ದಳು. ನಮ್ಮ ರೂಪಕಗಳಲ್ಲಿ ಸೂತ್ರಧಾರನು ಮಾಡುವ ಕೆಲಸವನ್ನೇ ಆಕೆ ಮಾಡಿದಳು. ಕಾಣದ ಸಭೆಗೂ ಕಾಣುವ ಪಾತ್ರಕ್ಕೂ ನಡುವೆ ಒಬ್ಬ ಮಧ್ಯಸ್ಥನು ಬೇಕೆಂಬುದನ್ನು ಆ ಹೊಸ ಕಲೆಯು ತನ್ನ ಮೊದಲ ದಿನವೇ ಕಂಡುಕೊಂಡಿತು.

ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಭರತಮುನಿಯು ನಾಟ್ಯಮಂಟಪದ ಅಳತೆಯನ್ನು ಹೇಳುವಾಗ ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ಮಂಟಪವೇ ಸಾಕೆಂದು ವಿಧಿಸಿ ಅದಕ್ಕೆ ಕಾರಣವನ್ನೂ ಕೊಡುತ್ತಾನೆ. ಮಂಟಪವು ಅತಿವಿಸ್ತಾರವಾದರೆ ಪಾಠ್ಯವು ವಿಸ್ವರವಾಗುವುದು. ಮುಖದಲ್ಲಿ ತೋರುವ ಭಾವವು ಅವ್ಯಕ್ತವಾಗುವುದು ಎಂಬುದು ಅದರ ಸಾರಾಂಶ. ಈ ಎರಡು ದೋಷಗಳೂ ದೂರದರ್ಶನದಲ್ಲಿ ಇಲ್ಲ. ನಟನು ಹತ್ತು ಹರದಾರಿ ದೂರದಲ್ಲಿದ್ದರೂ ಅವನ ಮುಖವು ಮೊಳದ ದೂರದಲ್ಲಿರುವಂತೆ ಕಾಣುತ್ತದೆ, ಪಿಸುಮಾತೂ ಕೇಳಿಸುತ್ತದೆ. ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿದ್ದು, ಅವುಗಳಲ್ಲಿ ಸಾತ್ತ್ವಿಕವೇ ಶ್ರೇಷ್ಠವೆಂದು ಶಾಸ್ತ್ರದ ಅಭಿಪ್ರಾಯ. ಆ ಸಾತ್ತ್ವಿಕಕ್ಕೆ ಇಷ್ಟು ಅನುಕೂಲವಾದ ರಂಗವು ಹಿಂದೆ ಯಾವ ಕಾಲದಲ್ಲಿಯೂ ಒದಗಿರಲಿಲ್ಲ. ಆದರೆ ಲಂಡನ್ನಿನ ಸಂಜೆಯಲ್ಲಿ ಒಂದು ಕೊರತೆಯಿದ್ದಿತು. ಯಂತ್ರದ ಬೆಲೆಯು ಸುಮಾರು 100 ಗಿನಿ, ಕೊಳ್ಳಬಲ್ಲವರು ಅನುಕೂಲಸ್ಥರೇ. 1939ರ ಸೆಪ್ಟೆಂಬರ್ 1ರಂದು ಯುದ್ಧದ ದೆಸೆಯಿಂದ ಪ್ರಸಾರವು ನಿಂತಾಗ ಇದ್ದ ಯಂತ್ರಗಳು ಸುಮಾರು 20,000 ಮಾತ್ರ. ಒಂದೊಂದು ಮನೆಯಲ್ಲಿ ನಾಲ್ವರೋ ಐವರೋ ಕುಳಿತು ನೋಡಿದರು. ಪ್ರೇಕ್ಷಕರಿದ್ದರು, ಸಭೆ ಇರಲಿಲ್ಲ.

ಇನ್ನು ಭಾರತದ ವಿಷಯ. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಾಯೋಗಿಕವಾಗಿ ದೂರದರ್ಶನವು ಆರಂಭವಾಗಿದ್ದರೂ ಹಳ್ಳಿಗಳಿಗೆ ಅದರ ಸಂಬಂಧವು ಅತ್ಯಲ್ಪವಾಗಿದ್ದಿತು. ನಗರಗಳಲ್ಲಿ ಮೊದಲು ಬೇರೂರಿ ಕ್ರಮೇಣ ಹಳ್ಳಿಗೆ ಹರಡುವ ಪಾಶ್ಚಾತ್ಯಕ್ರಮವನ್ನು ಬಿಟ್ಟು, ಆಕಾಶದಿಂದ ನೇರವಾಗಿ ಹಳ್ಳಿಗೇ ಚಿತ್ರವನ್ನು ಇಳಿಸಬೇಕೆಂಬ ಆಲೋಚನೆಯು ವಿಕ್ರಮ ಸಾರಾಭಾಯಿಯವರದು. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. ಸಾರಾಭಾಯಿಯವರು 1971ರಲ್ಲಿ ಕಾಲವಾದರು, ಕಾರ್ಯವು ನಿಲ್ಲಲಿಲ್ಲ. ಎ.ಟಿ.ಎಸ್.–6 ಎಂಬ ಕೃತಕ ಉಪಗ್ರಹದ ಮೂಲಕ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಕಾಲ ಆರು ರಾಜ್ಯಗಳ ಸುಮಾರು 2400 ಗ್ರಾಮಗಳಿಗೆ ಪ್ರಸಾರವು ನಡೆಯಿತು. ಸೈಟ್ ಎಂಬ ಸಂಕ್ಷಿಪ್ತನಾಮದಿಂದ ಈ ಪ್ರಯೋಗವು ಪ್ರಸಿದ್ಧವಾಗಿದೆ. ಕೋಳಿಗೂಡಿನ ತಂತಿಬಲೆಯನ್ನು ಹೆಣೆದು ಮಾಡಿದ, ಸುಮಾರು ಹತ್ತು ಅಡಿ ವ್ಯಾಸದ ಬಟ್ಟಲಿನಾಕಾರದ ಗ್ರಾಹಕವೊಂದು ಪ್ರತಿ ಗ್ರಾಮದಲ್ಲಿಯೂ ಆಕಾಶಕ್ಕೆ ಮುಖಮಾಡಿ ನಿಂತಿತು. ಬೆಳಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗಾಗಿ. ಸಂಜೆ ಎರಡೂವರೆ ಗಂಟೆ ದೊಡ್ಡವರಿಗಾಗಿ. ಸಂಜೆಯ ಅವಧಿಯಲ್ಲಿ ಅರ್ಧಗಂಟೆಯು ಎಲ್ಲರಿಗೂ ಸಾಮಾನ್ಯವಾದ ಹಿಂದೀ ಕಾರ್ಯಕ್ರಮಕ್ಕೆ ಮೀಸಲು. ಉಳಿದುದನ್ನು ಭಾಷೆಗಳು ಹಂಚಿಕೊಂಡುವು.

ಕರ್ನಾಟಕದಲ್ಲಿ ಇದಕ್ಕೆ ಆರಿಸಿದುದು ವಿಜಾಪುರ, ಗುಲ್ಬರ್ಗಾ, ರಾಯಚೂರು ಎಂಬ ಮೂರು ಜಿಲ್ಲೆಗಳನ್ನು. ಹಿಂದುಳಿದ ಪ್ರದೇಶಗಳೆಂಬುದೇ ಆಯ್ಕೆಗೆ ಕಾರಣ. ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಂತಹ ಊರುಗಳು, ಅಂದು ಶಿವಮೊಗ್ಗ ಜಿಲ್ಲೆಗೆ ಸೇರಿದ್ದುವು, ಈ ಎಲ್ಲೆಯ ಹೊರಗುಳಿದುವು. ಹೊನ್ನಾಳಿಯನ್ನು ಮುಟ್ಟಿ ಹರಿಯುವ ತುಂಗಭದ್ರೆಯೇ ಮುಂದೆ ರಾಯಚೂರು ಜಿಲ್ಲೆಯ ತೆಂಕಣ ಅಂಚನ್ನು ಸವರಿಕೊಂಡು ಹೋಗುತ್ತದೆ. ಒಂದೇ ನದಿಯ ಮೇಲುದಂಡೆಯ ಹಳ್ಳಿಗೆ ಇಲ್ಲದ ಚಿತ್ರವು ಕೆಳದಂಡೆಯ ಹಳ್ಳಿಗೆ ಬಂದಿತು. ಆದರೆ ಹಿಂದುಳಿದುದೆಂದು ಸರ್ಕಾರದ ಕಡತವು ಕರೆದ ಈ ಭೂಮಿಯನ್ನು ಸಾಹಿತ್ಯಚರಿತ್ರೆಯು ಬೇರೆ ಹೆಸರಿನಿಂದ ಬಲ್ಲದು. ಕ್ರಿ.ಶ. 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಕವಿರಾಜಮಾರ್ಗವು ಹುಟ್ಟಿದ ಮಾನ್ಯಖೇಟವು ಗುಲ್ಬರ್ಗಾ ಜಿಲ್ಲೆಯ ಮಳಖೇಡವೇ. ಆ ಗ್ರಂಥವು ಕನ್ನಡದ ತಿರುಳು ಇರುವ ನಾಡನ್ನು ನಾಲ್ಕು ಊರುಗಳಿಂದ ಗುರುತಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಇವುಗಳಲ್ಲಿ ಕಿಸುವೊಳಲು ಎಂದರೆ ಪಟ್ಟದಕಲ್ಲು. ಅದು 1975ರಲ್ಲಿ ವಿಜಾಪುರ ಜಿಲ್ಲೆಯಲ್ಲಿದ್ದಿತು. ಕೊಪಣ ಎಂದರೆ ಕೊಪ್ಪಳ. ಅದು ರಾಯಚೂರು ಜಿಲ್ಲೆಯಲ್ಲಿದ್ದಿತು. ಅಂದಮೇಲೆ ಕನ್ನಡದ ಮೊದಲ ಲಕ್ಷಣಗ್ರಂಥವು ಹುಟ್ಟಿದ ಊರೂ, ಆ ಗ್ರಂಥವು ಕೊಂಡಾಡಿದ ತಿರುಳ್ಗನ್ನಡದ ನಾಲ್ಕು ಗಡಿಕಲ್ಲುಗಳಲ್ಲಿ ಎರಡೂ ಈ ಪ್ರಯೋಗದ ಜಿಲ್ಲೆಗಳೊಳಗೇ ಇದ್ದುವು.

ಆ ನಾಡಿಗೆ ಕನ್ನಡವು ಯಾವ ರೂಪದಿಂದ ಬಂದಿತೆಂಬುದೇ ಈಗಿನ ಪ್ರಶ್ನೆ. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳೆರಡಕ್ಕೂ ತಯಾರಿಕೆಯ ಕೇಂದ್ರವನ್ನು ಹೈದರಾಬಾದಿನಲ್ಲಿ ಏರ್ಪಡಿಸಿದ್ದರು. ಉಪಗ್ರಹವು ಒಂದು ಚಿತ್ರವನ್ನೂ ಅದರೊಡನೆ ಎರಡು ಧ್ವನಿಗಳನ್ನೂ ಒಟ್ಟಿಗೆ ಕಳುಹಿಸಬಲ್ಲುದಾಗಿದ್ದಿತು. ಆದಕಾರಣ ಸಂಜೆಯಲ್ಲಿ ಒಂದೇ ಚಿತ್ರವು ತೆಲುಗುನಾಡಿನ ಹಳ್ಳಿಯಲ್ಲಿ ತೆಲುಗಿನಿಂದಲೂ ಕನ್ನಡನಾಡಿನ ಹಳ್ಳಿಯಲ್ಲಿ ಕನ್ನಡದಿಂದಲೂ ಮಾತನಾಡುವ ಏರ್ಪಾಟು ಸಾಧ್ಯವಾಯಿತು. ಯಂತ್ರಜ್ಞರ ದೃಷ್ಟಿಯಲ್ಲಿ ಇದು ಮಿತವ್ಯಯದ ಜಾಣ್ಮೆ. ಸಾಹಿತ್ಯಜ್ಞರ ದೃಷ್ಟಿಯಲ್ಲಿ ಇದೊಂದು ಹೊಸ ಸಮಸ್ಯೆ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಸ್ಥಾಪಿಸಿದ ಬಾನುಲಿ ನಿಲಯಕ್ಕೆ ‘ಆಕಾಶವಾಣಿ’ಯೆಂಬ ಹೆಸರು ಬಂದು, ಮುಂದೆ ಆ ಹೆಸರೇ ದೇಶಕ್ಕೆಲ್ಲ ಸಂದಿತು. ಧ್ವನಿಪ್ರಸಾರಕ್ಕೆ ಕನ್ನಡನಾಡು ಹೆಸರನ್ನೇ ಕೊಟ್ಟಿತು. ಚಿತ್ರಪ್ರಸಾರದಲ್ಲಾದರೋ ಅದು ಬೇರೊಬ್ಬರ ಚಿತ್ರಕ್ಕೆ ತನ್ನ ಧ್ವನಿಯನ್ನು ಜೋಡಿಸುವ ಸ್ಥಿತಿಯಲ್ಲಿದ್ದಿತು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಚಿತ್ರವೂ ಮಾತೂ ಒಂದೇ ಮೂಲದಿಂದ ಹೊರಡದಿದ್ದರೆ ರಸಪ್ರತೀತಿಯು ಅಸಾಧ್ಯ. ಅಭಿನವಗುಪ್ತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದ ವ್ಯಾಖ್ಯಾನದಲ್ಲಿ ಏಳು ರಸವಿಘ್ನಗಳನ್ನು ಹೇಳಿ, ಅವುಗಳಲ್ಲಿ ಪ್ರತೀತಿಯ ಉಪಾಯಗಳ ವೈಕಲ್ಯವನ್ನೂ ಸ್ಫುಟತ್ವದ ಅಭಾವವನ್ನೂ ಎಣಿಸಿರುವನು. ತುಟಿಯೊಂದು ಭಾಷೆಯನ್ನು ಆಡಿ ಕಿವಿಗೆ ಇನ್ನೊಂದು ಭಾಷೆಯು ಬಿದ್ದರೆ ಈ ಎರಡು ವಿಘ್ನಗಳೂ ತಪ್ಪುವುದಿಲ್ಲ. ಆದುದರಿಂದ ಆ ಏರ್ಪಾಟೇ ಮೂಲತಃ ದುಷ್ಟ, ಎಂಬುದು ಆ ಪಕ್ಷ.

ಈ ವಾದವು ಮೇಲುನೋಟಕ್ಕೆ ಬಲವಾಗಿ ಕಂಡರೂ ಅತಿವ್ಯಾಪ್ತಿದೋಷದಿಂದ ಕೂಡಿದೆ. ಅದೆಂತೆಂದರೆ: ಕನ್ನಡನಾಡಿನ ಹಳ್ಳಿಗಳಲ್ಲಿ ಬೆಳಗಾಗುವವರೆಗೆ ನಡೆಯುತ್ತಿದ್ದ ತೊಗಲುಗೊಂಬೆಯಾಟದಲ್ಲಿ ಚಿತ್ರವು ಪರದೆಯ ಮೇಲೆ, ಮಾತು ಪರದೆಯ ಹಿಂದೆ. ರಾಮನ ಗೊಂಬೆಯು ಬಾಯಿ ತೆರೆಯುವುದಿಲ್ಲ. ಗೊಂಬೆಯಾಡಿಸುವವನು ರಾಮನಿಗೂ ರಾವಣನಿಗೂ ತಾನೇ ಮಾತನಾಡುತ್ತಾನೆ. ಆಡಿಸುವ ಕಿಳ್ಳೇಕ್ಯಾತರ ಮನೆಮಾತು ಮರಾಠಿಯ ಒಂದು ರೂಪ. ಆಟದ ಮಾತು ಕನ್ನಡ, ತೆಲುಗುಗಡಿಯಲ್ಲಿ ತೆಲುಗು. ಒಂದೇ ಗೊಂಬೆಗೆ ಎರಡು ಭಾಷೆಗಳು ಅಲ್ಲಿ ಸಲ್ಲುತ್ತವೆ. ಇಷ್ಟಾದರೂ ಸೀತಾಪಹರಣದ ಹೊತ್ತಿಗೆ ಹೆಂಗಸರು ಕಣ್ಣೊರಸಿಕೊಳ್ಳುವುದು ನಿಲ್ಲಲಿಲ್ಲ. ಚಿತ್ರವೂ ಧ್ವನಿಯೂ ಬೇರೆ ಬೇರೆ ಮೂಲದಿಂದ ಬರುವುದೇ ರಸಭಂಗಕ್ಕೆ ಹೇತುವಾಗಿದ್ದರೆ ಈ ಕಲೆಯು ಶತಮಾನಗಳ ಕಾಲ ಬಾಳುತ್ತಿರಲಿಲ್ಲ.

ಹಾಗಾದರೆ ಭೇದವೆಲ್ಲಿ? ಗೊಂಬೆಗೆ ತುಟಿಯ ಚಲನೆಯಿಲ್ಲ. ಆದಕಾರಣ ಯಾವ ಮಾತಿನೊಡನೆಯೂ ಅದಕ್ಕೆ ವಿರೋಧವಿಲ್ಲ. ಇದು ಮೊದಲನೆಯದು. ಗೊಂಬೆಯಾಡಿಸುವವನು ಪರದೆಯ ಆಚೆಯ ಸಭೆಯ ಉಸಿರನ್ನು ಕೇಳುತ್ತಿರುತ್ತಾನೆ. ನಗೆ ಬಂದರೆ ಮಾತನ್ನು ಬೆಳೆಸುತ್ತಾನೆ, ತೂಕಡಿಕೆ ಕಂಡರೆ ಮೊಟಕುಮಾಡುತ್ತಾನೆ. ಇದು ಎರಡನೆಯದು. ದೂರದರ್ಶನದಲ್ಲಿ ಕಾಣುವುದು ಜೀವಂತ ಮನುಷ್ಯನ ಮುಖ. ಅದರ ತುಟಿಗೆ ತನ್ನದೇ ಆದ ಒಂದು ಭಾಷೆಯಿದೆ. ಅದರ ಹಿಂದಿನ ಧ್ವನಿಯು ಸಭೆಯನ್ನು ಕಾಣದು. ಆದುದರಿಂದ ಕ್ಷೇಮೇಂದ್ರನು ಕಾವ್ಯಕ್ಕೆ ಪ್ರಾಣವೆಂದು ಹೇಳಿದ ಔಚಿತ್ಯವನ್ನೇ ಇಲ್ಲಿ ಪ್ರಮಾಣವಾಗಿಟ್ಟುಕೊಂಡು ಹೀಗೆ ನಿರ್ಣಯಿಸಬಹುದು. ಹೊಲ, ಬೀಜ, ಬಾವಿ, ದನಕರುಗಳು, ಕೈಕಸಬು, ಮಳೆಮೋಡ ಇವುಗಳನ್ನು ತೋರಿಸುತ್ತ ವಿವರಿಸುವ ಭಾಗದಲ್ಲಿ ಎರಡು ಧ್ವನಿಗಳ ಏರ್ಪಾಟು ನಿರ್ದುಷ್ಟ. ಅಲ್ಲಿ ಚಿತ್ರವು ಗೊಂಬೆಯಂತೆ ಮೌನವಾಗಿಯೇ ಇರುತ್ತದೆ. ಇಬ್ಬರು ಮನುಷ್ಯರು ಎದುರೆದುರು ಮಾತನಾಡುವ ರೂಪಕಭಾಗದಲ್ಲಿ ಅದೇ ಏರ್ಪಾಟು ಅನುಚಿತ. ಅಲ್ಲಿ ವಾಚಿಕವು ಆಂಗಿಕಕ್ಕೆ ಶತ್ರುವಾಗುತ್ತದೆ. ಪೂರ್ವಪಕ್ಷವು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದುದೇ ಅದರ ಪ್ರಮಾದ.

ಧ್ವನಿಯು ಕನ್ನಡವಾದ ಮಾತ್ರಕ್ಕೆ ವಿಚಾರವು ಮುಗಿಯುವುದಿಲ್ಲ. ಯಾವ ಕನ್ನಡ ಎಂಬುದು ಮುಂದಿನ ಪ್ರಶ್ನೆ. ದೇಸಿಯ ಭೇದಗಳು ಎಣಿಕೆಗೆ ಮೀರಿದುವೆಂದೂ ಸಾವಿರ ನಾಲಗೆಯ ವಾಸುಕಿಯೂ ಅವುಗಳನ್ನು ಹೇಳಿ ಮುಗಿಸಲಾರನೆಂದೂ ಕವಿರಾಜಮಾರ್ಗಕಾರನೇ ಒಪ್ಪಿರುವನು. ವ್ಯವಸಾಯದ ಪಾಠದಲ್ಲಿ ಈ ಭೇದವು ಅಲಂಕಾರದ ಮಾತಲ್ಲ, ಬದುಕಿನ ಮಾತು. ಮೈಸೂರು ಸೀಮೆಯವನು ಕಡಲೆಕಾಯಿ ಎನ್ನುವುದನ್ನು ಸಿಂಧನೂರಿನ ಒಕ್ಕಲಿಗನು ಶೇಂಗಾ ಎನ್ನುತ್ತಾನೆ. ಒಂದೆಡೆಯ ಮೆಕ್ಕೆಜೋಳವು ಇನ್ನೊಂದೆಡೆ ಗೋವಿನಜೋಳ. ನಗರದ ಗ್ರಾಂಥಿಕ ಶಬ್ದದಿಂದ ಬೆಳೆಯ ಹೆಸರನ್ನು ಹೇಳಿದರೆ ಚಿತ್ರವು ತೋರಿಸಿದುದನ್ನೇ ಮಾತು ಮರೆಮಾಡುತ್ತದೆ. ಸಾಹಿತ್ಯಶಾಸ್ತ್ರದಲ್ಲಿ ಅಪ್ರತೀತವೆಂಬ ಪದದೋಷವುಂಟು: ಒಂದು ಶಾಸ್ತ್ರದವರಿಗೆ ಮಾತ್ರ ತಿಳಿದ ಪದವನ್ನು ಎಲ್ಲರೆದುರಿಗೆ ಪ್ರಯೋಗಿಸುವುದು. ಗ್ರಾಮಪ್ರೇಕ್ಷಕನಿಗೆ ಬೇಸಾಯದ ಇಲಾಖೆಯ ಪರಿಭಾಷೆಯು ಈ ದೋಷಕ್ಕೆ ಹೊಸ ಉದಾಹರಣೆಯಾದೀತು.

ಉಪದೇಶದ ರೀತಿಯೂ ವಿಚಾರಾರ್ಹ. ಉಪದೇಶವು ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತ ಎಂದು ಮೂರು ಬಗೆ. ಆಜ್ಞಾಪಿಸುವುದು ಮೊದಲನೆಯದು, ತಿಳಿಯಹೇಳುವುದು ಎರಡನೆಯದು, ಒಲಿಸಿ ಒಪ್ಪಿಸುವುದು ಮೂರನೆಯದು. ಕಾವ್ಯಕ್ಕೆ ಉಚಿತವಾದುದು ಮೂರನೆಯದೆಂದು ಮಮ್ಮಟನ ಮತ. ಈ ಪ್ರಯೋಗವು ಬೇಸಾಯ, ಆರೋಗ್ಯ, ಕುಟುಂಬಯೋಜನೆಗಳನ್ನು ಬೋಧಿಸುವುದಕ್ಕಾಗಿಯೇ ಏರ್ಪಟ್ಟುದು. 1975ರ ಜೂನ್ 25ರಂದು ದೇಶದಲ್ಲಿ ತುರ್ತುಪರಿಸ್ಥಿತಿಯು ಘೋಷಿತವಾಗಿ ಐದೇ ವಾರಗಳಲ್ಲಿ ಪ್ರಸಾರವು ಆರಂಭವಾಯಿತು. ಅದರ ಇಡೀ ವರ್ಷವು ಆ ಕಾಲದೊಳಗೇ ಕಳೆಯಿತು. ಸರ್ಕಾರವೇ ಮಾತನಾಡುವ ಯಂತ್ರಕ್ಕೆ, ಸರ್ಕಾರವನ್ನು ಎದುರುನುಡಿಯಲಾಗದ ಕಾಲದಲ್ಲಿ, ಪ್ರಭುಸಮ್ಮಿತದ ಕಡೆಗೆ ಒಲವುಂಟಾಗುವುದು ಸಹಜ. ಇದಕ್ಕೆ ವಿರುದ್ಧವಾಗಿ, ಸರಳವಾದ ಪ್ರಯೋಗಗಳಿಂದ ವಿಜ್ಞಾನವನ್ನು ಮಕ್ಕಳಿಗೆ ತೋರಿಸಿದ ಬೆಳಗಿನ ಪಾಠಗಳೂ, ಸುಮಾರು 50,000 ಪ್ರಾಥಮಿಕ ಶಾಲಾ ಉಪಾಧ್ಯಾಯರಿಗೆ ರಜೆಯ ಕಾಲದಲ್ಲಿ ಕೊಟ್ಟ ಶಿಕ್ಷಣವೂ ಸುಹೃತ್ಸಮ್ಮಿತಕ್ಕೆ ಸಮೀಪವಾದುವು. ಅಲ್ಲಿ ಆಜ್ಞೆಯಿಲ್ಲ, ಮಾಡಿ ನೋಡೆಂಬ ಸ್ನೇಹದ ಮಾತಿದೆ.

ದೋಷಗಳನ್ನು ಎಣಿಸಿದಂತೆ ಗುಣವನ್ನೂ ಹೇಳಬೇಕು. ವೇದವನ್ನು ಕೇಳಲು ಅವಕಾಶವಿಲ್ಲದವರಿಗೂ ಸಲ್ಲುವಂತೆ ಎಲ್ಲ ವರ್ಣದವರಿಗಾಗಿ ಐದನೆಯ ವೇದವಾಗಿ ನಾಟ್ಯವನ್ನು ಬ್ರಹ್ಮನು ಸೃಜಿಸಿದನೆಂದು ಭರತನು ಕಥೆ ಹೇಳುತ್ತಾನೆ. ಓದುಬರಹವಿಲ್ಲದವರ ಮುಂದೆ ಇಟ್ಟ ಈ ಯಂತ್ರಕ್ಕೆ ಆ ಕಥೆಯು ಅಕ್ಷರಶಃ ಅನ್ವಯಿಸುತ್ತದೆ. ಗ್ರಾಮದಲ್ಲಿ ಯಂತ್ರವು ಒಬ್ಬರ ಮನೆಯದಲ್ಲ. ಶಾಲೆಯಂತಹ ಸಾರ್ವಜನಿಕ ಸ್ಥಳದಲ್ಲಿದ್ದು ಊರಿಗೆ ಊರೇ ಅದರ ಮುಂದೆ ಕೂರುವಂತೆ ಏರ್ಪಾಟಾಗಿದ್ದಿತು. ಸಾಮಾಜಿಕರೆಲ್ಲರ ಪ್ರತೀತಿಯು ಒಂದೇ ಘನವಾಗಿ ಕೂಡಿದಾಗ ರಸವು ಹೆಚ್ಚು ಪುಷ್ಟವಾಗುವುದೆಂದು ಅಭಿನವಗುಪ್ತನು ಹೇಳಿರುವ ಮಾತಿಗೆ ಮನೆಯೊಳಗಿನ ಲಂಡನ್ನಿನ ಪ್ರೇಕ್ಷಕನು ವಿಷಯನಾಗಲಾರನು. ಶಾಲೆಯ ಅಂಗಳದ ರಾಯಚೂರಿನ ಪ್ರೇಕ್ಷಕನು ಆಗಬಲ್ಲನು. ಹೀಗೆ ನೋಡಿದರೆ ಲಂಡನ್ನಿನ ಸಂಜೆಗೆ ತನ್ನದೇ ಆದ ಪಾಠ್ಯವಿದ್ದಿತು, ಸಭೆಯಿರಲಿಲ್ಲ. ತಿರುಳ್ಗನ್ನಡನಾಡಿನ ಸಂಜೆಗೆ ಸಭೆಯಿದ್ದಿತು, ತನ್ನದೇ ಆದ ಪಾಠ್ಯವಿರಲಿಲ್ಲ. ಎರಡರಲ್ಲಿಯೂ ನಾಟ್ಯದ ಒಂದೊಂದು ಅಂಗವು ಸಿದ್ಧವಾಗಿ ಇನ್ನೊಂದು ಲೋಪವಾಗಿದೆ.

1976ರ ಜುಲೈ 31ರ ಅನಂತರ ಉಪಗ್ರಹದ ಸೇವೆಯು ನಿಂತಿತು. ಅದೇ ವರ್ಷದ ಏಪ್ರಿಲ್ 1ರಂದು ದೂರದರ್ಶನವು ಆಕಾಶವಾಣಿಯಿಂದ ಬೇರ್ಪಟ್ಟು ಸ್ವತಂತ್ರ ಸಂಸ್ಥೆಯಾಗಿದ್ದಿತು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಪ್ರಸಾರಕೇಂದ್ರವು ಆರಂಭವಾಯಿತು. ಬೆಂಗಳೂರಿನ ಕೇಂದ್ರವು ಬಂದುದು 1981ರಲ್ಲಿ. ರಾಜಧಾನಿಗಿಂತ ಮೊದಲು ಮಳಖೇಡದ ನೆರೆಯ ಪಟ್ಟಣಕ್ಕೆ ದೂರದರ್ಶನವು ಬಂದುದು ಈ ಪ್ರಯೋಗದ ಫಲವೇ ಸರಿ. ಆದರೆ ಕಾಲಕ್ರಮದಲ್ಲಿ ಮನೆಮನೆಗೂ ಯಂತ್ರವು ಸೇರಿದಾಗ ಪಾಠ್ಯವು ಕನ್ನಡವಾಯಿತು, ಸಭೆಯು ಚದುರಿತು. ಎರಡೂ ಒಂದೆಡೆ ಸೇರಿದ ಸಂಜೆಯು ಕನ್ನಡಕ್ಕೆ ದೊರೆತ ಕಾಲವು ಅತ್ಯಲ್ಪ.

ಈ ವಿಚಾರದಿಂದ ಸಾಹಿತ್ಯಾಧ್ಯಾಪಕರಿಗೆ ಒದಗುವ ಕರ್ತವ್ಯವೊಂದುಂಟು. ಯುದ್ಧಪೂರ್ವದ ಲಂಡನ್ನಿನ ಕಾರ್ಯಕ್ರಮಗಳು ಆಯಾ ಗಳಿಗೆಯಲ್ಲಿಯೇ ಅಭಿನಯಿಸಲ್ಪಟ್ಟು ಪ್ರಸಾರವಾದುವು. ಬಹುಪಾಲು ಮುದ್ರಿತವಾಗದೆ ಗಾಳಿಯಲ್ಲಿ ಕರಗಿದುವು. ಆದರೂ ಆ ದಿನಗಳ ಕಾರ್ಯಕ್ರಮಪಟ್ಟಿಗಳನ್ನೂ ಬರಹಗಳನ್ನೂ ಆ ದೇಶದವರು ಜೋಪಾನಮಾಡಿ, ನಾಟಕಚರಿತ್ರೆಯ ಒಂದು ಅಧ್ಯಾಯವೆಂದು ಅಭ್ಯಾಸಮಾಡುತ್ತಾರೆ. ಕನ್ನಡದಲ್ಲಿ ಶಾಸನವನ್ನು ಓದುವವರಿದ್ದಾರೆ, ತಾಳೆಯ ಗರಿಯನ್ನು ಪರಿಷ್ಕರಿಸುವವರಿದ್ದಾರೆ. 1975–76ರ ಸಂಜೆಗಳಿಗಾಗಿ ಬರೆದ ಕನ್ನಡವನ್ನು ಸಾಹಿತ್ಯವೆಂದು ಪರಿಗಣಿಸುವವರು ವಿರಳ. ಸರ್ಕಾರದ ಬೋಧನೆಗೆ ಸಾಹಿತ್ಯದಲ್ಲಿ ಸ್ಥಾನವೇನು ಎಂದು ಕೇಳುವವರಿಗೆ ಉತ್ತರವಿಷ್ಟೆ: ದಾನಶಾಸನವೂ ಅಂದಿನ ಪ್ರಭುವಿನ ಆಜ್ಞೆಯೇ, ಆದರೂ ಅದರಿಂದಲೇ ಅಂದಿನ ಕನ್ನಡದ ಸ್ವರೂಪವು ತಿಳಿಯುತ್ತದೆ. ಆ ವರ್ಷದ ಬರಹಗಳನ್ನು ಹುಡುಕಿ, ಕೇಳಿದ ಹಿರಿಯರು ಇರುವಾಗಲೇ ಅವರ ನೆನಪನ್ನು ಬರೆದಿಟ್ಟುಕೊಂಡು, ಯಾವ ಶಬ್ದವು ಹಳ್ಳಿಗೆ ತಟ್ಟಿತು, ಯಾವುದು ಗಾಳಿಗೆ ಹೋಯಿತು ಎಂಬುದನ್ನು ನಿಷ್ಕರ್ಷಿಸಿದರೆ, ಕವಿರಾಜಮಾರ್ಗವು ಒಂಬತ್ತನೆಯ ಶತಮಾನದ ಕನ್ನಡಕ್ಕೆ ಮಾಡಿದ ಉಪಕಾರದಲ್ಲಿ ಒಂದಂಶವು ಇಪ್ಪತ್ತನೆಯ ಶತಮಾನದ ಕನ್ನಡಕ್ಕೂ ಆದೀತು. ತುಟಿಗೂ ಧ್ವನಿಗೂ ನಡುವಿನ ಅಂತರವನ್ನು ಯಂತ್ರಜ್ಞರು ಅಳೆಯಬಲ್ಲರು. ಧ್ವನಿಗೂ ಹೃದಯಕ್ಕೂ ನಡುವಿನ ಅಂತರವನ್ನು ಅಳೆಯುವುದು ಸಾಹಿತ್ಯಜ್ಞರ ಕೆಲಸವೇ.